ಎಡಜಡೆಯ ನಾಗಿ

ನಾಗಿ ಸತ್ತ ಮರುವರ್ಷ, ಈರುಳ್ಳಿ ಕಿತ್ತು ಒಣಗಿಸಿ ಜಡೆ ಹೆಣೆಯಲು ಕೂತ ಮೊದಲ ದಿನವೇ ಸೊಸೆ ಮಂಜಿಯ ಕೈ ಅವಳ ಮಾತು ಕೇಳಲಿಲ್ಲ. ಬಲಕ್ಕೆ ಹೆಣೆಯಬೇಕೆಂದೇ ಅವಳು ಕೂತದ್ದು. ಕೇರಿಯೆಲ್ಲ ಈಗ ಬಲಕ್ಕೇ ಹೆಣೆಯುತ್ತಿತ್ತು. ಎಡಕ್ಕೆ ಹೆಣೆದ ಜಡೆಯನ್ನು ಕುಮಟೆ ಪೇಟೆಯಲ್ಲಿ ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಒಣಗಿದ ಮೂರು ದಂಟು ಹಿಡಿದು, ಒಂದರ ಮೇಲೊಂದು ದಾಟಿಸಿ, ನಾಲ್ಕನೆಯ ಗಡ್ಡೆ ಸೇರಿಸುವ ಹೊತ್ತಿಗೆ ನೋಡುತ್ತಾಳೆ, ಜಡೆ ಎಡಕ್ಕೆ ತಿರುಗಿದೆ. ಬಿಚ್ಚಿದಳು. ಮತ್ತೆ ಹೆಣೆದಳು. ಮತ್ತೆ ಎಡಕ್ಕೆ. ಮಧ್ಯಾಹ್ನದವರೆಗೆ ಹೆಣೆದು ಬಿಚ್ಚಿ, ಹೆಣೆದು ಬಿಚ್ಚಿ, ದಂಟೆಲ್ಲ ಪುಡಿಪುಡಿಯಾಯಿತು.

ಗಂಡ ಈರ ಹೊನ್ನಾವರದಲ್ಲಿ ಹೊಳೆ ದಾಟಿಸುವ ತಾರಿದೋಣಿಯಲ್ಲಿ ಕೂಲಿ. ಎಂಟು ದಿನಕ್ಕೊಮ್ಮೆ ಮನೆಗೆ ಬರುವವನು ಅಂದು ಬಂದಿದ್ದ.

"ಎಂತ ಆತೇ?" ಎಂದ.

"ಕೈ ನೋಯ್ತದೆ" ಎಂದಳು ಮಂಜಿ.

ಅದೂ ಸುಳ್ಳೇ. ಕೈ ನೋಯುತ್ತಿರಲಿಲ್ಲ. ಕೈ ಅವಳದಾಗಿ ಉಳಿದಿರಲಿಲ್ಲ, ಅಷ್ಟೆ.

ಸತ್ತ ಮೇಲೂ ಮನೆ ಬಿಟ್ಟು ಹೋಗದವರ ಸುದ್ದಿ ನಮ್ಮ ಕಡೆ ಹೊಸದಲ್ಲ. ಅಂಥವರು ಯಾರದೋ ಮೈಮೇಲೆ ಬರುತ್ತಾರೆ, ಕೋಳಿ ಕೇಳುತ್ತಾರೆ, ತೆಂಗಿನಕಾಯಿ ಕೇಳುತ್ತಾರೆ, ಕೊಟ್ಟರೆ ಹೋಗುತ್ತಾರೆ. ನಾಗಿ ಏನೂ ಕೇಳಲಿಲ್ಲ. ಬದುಕಿದ್ದಾಗ ಹೇಗೆ ಸುಮ್ಮನಿದ್ದಳೋ ಸತ್ತ ಮೇಲೂ ಹಾಗೇ ಸುಮ್ಮನಿದ್ದಳು. ಕೇಳದವರಿಗೆ ಏನು ಕೊಟ್ಟು ಕಳಿಸುವುದು? ಮಂಜಿಗೆ ಹೆದರಿಕೆ ಹತ್ತಿದ್ದು ಅಲ್ಲಿ.

ಕುಮಟೆಯಿಂದ ಎರಡು ಮೈಲಿ ತೆಂಕಿಗೆ ನಡೆದು, ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಇಳಿದರೆ ಹೊಯ್ಗೆಕೇರಿ. ಹೆಸರೇ ಹೇಳುವಂತೆ ಅಲ್ಲಿ ಎಲ್ಲಿ ಅಗೆದರೂ ಹೊಯ್ಗೆ, ಬರಿ ಮರಳು. ಭತ್ತಕ್ಕೆ ಆಗದ, ತೋಟಕ್ಕೆ ಆಗದ ಆ ನೆಲದಲ್ಲಿ ಈರುಳ್ಳಿ ಮಾತ್ರ ಬೆಲ್ಲದ ಹಾಗೆ ಬೆಳೆಯುತ್ತದೆ. ಹಸಿಯಾಗಿ ಕಚ್ಚಿ ತಿಂದರೂ ಕಣ್ಣಲ್ಲಿ ನೀರು ಬಾರದ ಸಿಹಿ ಈರುಳ್ಳಿ. ಸಿಹಿಗೆ ತಕ್ಕ ತೊಂದರೆಯೂ ಉಂಟು. ಸಿಪ್ಪೆ ತೆಳು, ಒಳಗೆ ನೀರು ಹೆಚ್ಚು, ಬೇಗ ಕೊಳೆಯುತ್ತದೆ. ಅದಕ್ಕೇ ಅದನ್ನು ಚೀಲಕ್ಕೆ ತುಂಬುವುದಿಲ್ಲ. ದಂಟು ಒಣಗಿಸಿ, ಹೆಂಗಸರ ಜಡೆಯ ಹಾಗೆ ಹೆಣೆದು, ಗಾಳಿಯಾಡುವಂತೆ ತೂಗುಹಾಕಿ ಮಾರುತ್ತಾರೆ.

ನಾಗಿ ಹುಟ್ಟಾ ಎಡಚಿ. ಎಡಗೈ ಬಿಡಿಸಲೆಂದು ಅವಳಜ್ಜಿ ಅದನ್ನು ಬಾಳೆನಾರಿನಲ್ಲಿ ಸೊಂಟಕ್ಕೆ ಕಟ್ಟಿಹಾಕಿದ್ದಳಂತೆ. ಕೈ ಮಣಿಯಲಿಲ್ಲ. ಮದುವೆಮನೆಯಲ್ಲಿ ಅವಳಿಗೆ ಬಡಿಸಲು ಬಿಡುತ್ತಿರಲಿಲ್ಲ, ಪಾತ್ರೆ ತಿಕ್ಕಲು ಮಾತ್ರ ಕರೆಯುತ್ತಿದ್ದರು. ಹೆಣ್ಣು ನೋಡಲು ಬಂದ ಮೂರು ಕಡೆಯವರು ಅವಳು ನೀರು ಕೊಟ್ಟ ಕೈ ನೋಡಿ ಎದ್ದುಹೋದರು. ನಾಲ್ಕನೆಯವನು ದೇವಪ್ಪ. ಅವನು ನೀರು ಕುಡಿದ. ಮದುವೆಯಾಗಿ ಐದೇ ವರ್ಷಕ್ಕೆ ಜ್ವರ ಬಂದು ಅವನು ತೀರಿಕೊಂಡಾಗ, ಎಡಗೈಯವಳ ಕಾಲ್ಗುಣ ಎಂದು ಕೇರಿ ಹೇಳಿತು. ಕೈಗೂ ಕಾಲಿಗೂ ಏನು ಸಂಬಂಧವೋ, ಕೇರಿಯನ್ನೇ ಕೇಳಬೇಕು.

ಮಡಿಲಲ್ಲಿ ನಾಲ್ಕು ವರ್ಷದ ಈರ, ಎದುರಿಗೆ ಹತ್ತು ಗುಂಟೆ ಹೊಯ್ಗೆ. ನಾಗಿ ಹೆಗಲ ಮೇಲೆ ಎರಡು ಕೊಡ ಹೊತ್ತು ಗುಂಡಿಯ ನೀರು ಹಾಕಿ ಈರುಳ್ಳಿ ಬೆಳೆದಳು. ಮೊದಲ ಸಲ ಅವಳು ಕುಮಟೆ ಸಂತೆಗೆ ಜಡೆ ಒಯ್ದಾಗ ಉಳಿದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಎಲ್ಲರ ಜಡೆ ಬಲಕ್ಕೆ ತಿರುಗಿದ್ದರೆ ಇವಳದೊಂದು ಎಡಕ್ಕೆ. "ಎಡಜಡೆ" ಎಂದು ಹೆಸರು ಬಿತ್ತು. ಯಾರೂ ಕೊಳ್ಳದೆ ಕಡೆಗೆ ಉಳಿದದ್ದನ್ನು ಒಂದಿಬ್ಬರು ಕನಿಕರಕ್ಕೆ ಕೊಂಡರು. ಆ ವರ್ಷದ ಮಳೆಗಾಲದಲ್ಲಿ ಬೇರೆಯವರ ಜಡೆಗಳು ಆಷಾಢಕ್ಕೇ ನೀರಾದವು. ಎಡಜಡೆ ಚೌತಿಯವರೆಗೂ ಅಡುಗೆಮನೆಯಲ್ಲಿ ಗಟ್ಟಿಯಾಗಿ ತೂಗುತ್ತಿತ್ತು. ಮರುವರ್ಷ ಸಂತೆಯಲ್ಲಿ ಜನ ಎಡಜಡೆಯನ್ನೇ ಹುಡುಕಿಕೊಂಡು ಬಂದರು. ನಕ್ಕವರ ಬಾಯಿ ಮುಚ್ಚಿತು.

ಗುಟ್ಟು ಕೈಯದಲ್ಲ, ದಿನದ್ದು. ಎಲ್ಲರೂ ಆರು ದಿನ ಒಣಗಿಸಿದರೆ ನಾಗಿ ಹತ್ತು ದಿನ. ಮೂರು ದಿನ ಗದ್ದೆಯಲ್ಲಿ, ಗಡ್ಡೆಗೆ ಸೊಪ್ಪು ಮುಚ್ಚಿ. ಏಳು ದಿನ ನೆರಳಲ್ಲಿ. ಮೋಡವಾದರೆ ಮತ್ತೆ ನಾಲ್ಕು ದಿನ. ಆಮೇಲೆ ಒಂದೊಂದೇ ಗಡ್ಡೆಯ ಕುತ್ತಿಗೆಯನ್ನು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ತಿಕ್ಕುತ್ತಿದ್ದಳು. ಚರಚರ ಸದ್ದು ಬಂದರೆ ಜಡೆಗೆ, ಇಲ್ಲವಾದರೆ ಮನೆಯ ಸಾರಿಗೆ.

"ಒಣ ಕುತ್ತಿಗೆ ಮಾತಾಡ್ತದೆ. ಹಸೀದು ಬಾಯಿ ಬಿಡುದಿಲ್ಲ" ಎನ್ನುತ್ತಿದ್ದಳು.

ಹೊನ್ನಾವರದ ಆಚೆಯಿಂದ ಹದಿನೈದರ ಹುಡುಗಿಯಾಗಿ ಮದುವೆಯಾಗಿ ಬಂದ ಮಂಜಿಗೆ ಅತ್ತೆ ಕಲಿಸಿದ ಪಾಠ ಇದೊಂದೇ. ನಾಗಿ ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಹೊಗಳುತ್ತಲೂ ಇರಲಿಲ್ಲ. ಮಂಜಿ ಬಲಗೈಯವಳಾದರೂ ಎರಡು ವರ್ಷ ಹೆಣಗಿ ಎಡಕ್ಕೆ ಹೆಣೆಯುವುದನ್ನು ಕಲಿತಳು. ಅವಳು ಹೆಣೆದ ಪ್ರತಿಯೊಂದು ಜಡೆಯನ್ನೂ ಅತ್ತೆ ಕಿವಿಗೆ ಹಿಡಿದು ನೋಡಿಯೇ ಬುಟ್ಟಿಗಿಡುತ್ತಿದ್ದಳು. ಎಂಟು ವರ್ಷ ಹೀಗೇ ಕಳೆಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ತನ್ನ ಕಾಲ ಬರುವ ಲಕ್ಷಣ ಮಂಜಿಗೆ ಕಾಣಲಿಲ್ಲ.

ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಮೂರು ವರ್ಷವಾಗಿತ್ತು. ಆಗ ಬ್ಲಾಕ್ ಆಫೀಸಿನ ಗ್ರಾಮಸೇವಕ ಮಹಾಗಣಪತಿ ಹೆಗಡೆ ಸೈಕಲ್ ನೂಕಿಕೊಂಡು ಹೊಯ್ಗೆಕೇರಿಗೆ ಬಂದ. ಮೇಲಿನ ತೋಟದ ಸೀಮೆಯ ಹುಡುಗ. ಖಾದಿ ಅಂಗಿ, ಜೇಬಲ್ಲಿ ಎರಡು ಪೆನ್ನು, ಬಾಯಿತುಂಬ ಒಳ್ಳೆಯ ಮಾತು. ಅವನಲ್ಲಿ ಮೋಸವಿರಲಿಲ್ಲ. ಇದ್ದಿದ್ದರೆ ಬಯ್ದು ಹಗುರಾಗಬಹುದಿತ್ತು.

ಘಟ್ಟದ ಮೇಲಿನ ಈರುಳ್ಳಿ ಲಾರಿಗಟ್ಟಲೆ ಇಳಿಯಲು ಶುರುವಾಗಿದ್ದ ಕಾಲ ಅದು. ಖಾರ ಇದ್ದರೂ ಅಗ್ಗ, ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊಯ್ಗೆಕೇರಿಯ ಆರು ಮನೆಯವರು ಆರು ದಿಕ್ಕಿಗೆ ಕೂತು, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕರೆದು, ಸಂಜೆಯಾದರೆ ಬಂದಷ್ಟಕ್ಕೆ ಕೊಟ್ಟು ಬರುತ್ತಿದ್ದರು. ಮಹಾಗಣಪತಿ ಒಂದು ತಿಂಗಳು ಸಂತೆಯಲ್ಲಿ ನಿಂತು ನೋಡಿದ. ಆಮೇಲೆ ನಾಗಿಯ ಜಗಲಿಗೆ ಬಂದು ಕೂತ.

"ನಾಗಮ್ಮ, ಪೇಟೆಯಲ್ಲಿ ಹೆಸರಿರೂದು ನಿಮ್ಮ ಜಡೆಗೆ ಮಾತ್ರ. ಆರೂ ಮನೆಯವರು ಎಡಕ್ಕೇ ಹೆಣೆದರೆ? ಒಟ್ಟಿಗೆ ಲಾರಿ ಮಾಡಿ ಭಟ್ಕಳಕ್ಕೆ ಕಳಿಸುವ. ಅಲ್ಲಿ ನವಾಯತ ಸಾಯ್ಬರ ಮನೆ ಊಟಕ್ಕೆ ಸಿಹಿ ಈರುಳ್ಳಿ ಎಷ್ಟಿದ್ದರೂ ಬೇಕು. ಘಟ್ಟದ ಮಾಲು ನಮ್ಮೆದುರು ನಿಲ್ಲೂದಿಲ್ಲೆ."

"ಜಡೆ ಕಲಿಸೂಕೆ ಆಗ್ತದೆ ಒಡೆಯಾ" ಎಂದಳು ನಾಗಿ. "ಹತ್ತು ದಿನ ಕಾಯೂದು ಹೆಂಗೆ ಕಲಿಸೂದು?"

ಅವನು ಬಿಡಲಿಲ್ಲ, ಒಂದು ವಾರ ಓಡಾಡಿದ. ಪಕ್ಕದ ಮನೆಯ ದೇವಿ ಬಂದು, ನಾವೇನು ಉಪವಾಸ ಸಾಯಬೇಕೇ ಎಂದು ಅತ್ತಳು. ಅತ್ತವಳು ದೇವಿ ಎಂಬುದೇ ನಾಗಿಗೆ ನಾಟಿರಬೇಕು. ಹಿಂದೆ ಸಂತೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಆರು ಮನೆಯ ಸಂಘಕ್ಕೆ ನಾಗಿ ಕಡೆಗೆ ಒಪ್ಪಿದಳು. ಒಂದೇ ಕರಾರು. ತಾನು ಕಿವಿಗೆ ಹಿಡಿದು ನೋಡಿ "ಆತು" ಅನ್ನದೆ ಒಂದು ಜಡೆಯೂ ಲಾರಿ ಹತ್ತಬಾರದು.

ಎಡಕ್ಕೆ ಹೆಣೆಯುವುದನ್ನು ಉಳಿದವರಿಗೆ ಕಲಿಸಿದವಳು ಮಂಜಿ. ಬಲಗೈಯವರಿಗೆ ಅದು ಹೇಗೆ ಕಷ್ಟ ಎಂದು ಅವಳಿಗೇ ಗೊತ್ತಿತ್ತು. ಐದು ಮನೆಯ ಹೆಂಗಸರು ಅವಳ ಎದುರು ಸಾಲಾಗಿ ಕೂತು "ಮಂಜೀ, ಇಲ್ಲಿ ನೋಡೇ", "ಮಂಜೀ, ಇದು ಸಮಾ ಆತಾ" ಎಂದು ಕೇಳುತ್ತಿದ್ದರು. ಎಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ ತಾನೂ ಒಬ್ಬಳು ಎನಿಸಿತು. ಈ ಸುಖವನ್ನು ಸಣ್ಣದು ಅನ್ನಬೇಡಿ. ಮುಂದೆ ಆದದ್ದೆಲ್ಲ ಅದರಿಂದಲೇ ಆದದ್ದು.

ಎರಡು ಬೇಸಿಗೆ ಎಲ್ಲ ಚಂದ ನಡೆಯಿತು. ಭಟ್ಕಳದ ವ್ಯಾಪಾರಿ ಮೀರಾ ಸಾಹೇಬರು ಒಮ್ಮೆ ಖುದ್ದು ಬಂದು ನಾಗಿ ಜಡೆ ನೋಡುವ ರೀತಿ ಕಂಡು ಹೋದರು. ಅದರ ನಂತರ ಅವರು ಮಾಲು ಬಿಚ್ಚಿ ಪರೀಕ್ಷೆ ಮಾಡುವುದನ್ನೇ ಬಿಟ್ಟರು.

ಮೂರನೆಯ ಬೇಸಿಗೆ, ಸಾವಿರದೊಂಬೈನೂರ ಅರವತ್ತೆರಡು. ಮೀರಾ ಸಾಹೇಬರ ಮಗಳ ಮದುವೆ. ಅವರ ಅಂಗಡಿಗಲ್ಲ, ಅವರ ಮನೆಯ ಚಪ್ಪರಕ್ಕೇ ಒಂದು ಲಾರಿ ಜಡೆ ಹೇಳಿಕಳಿಸಿದ್ದರು. ಕಿತ್ತು ಆರು ದಿನವಾಗಿತ್ತು. ಎರಡು ದಿನದಿಂದ ಕಾಲವಲ್ಲದ ಕಾಲದಲ್ಲಿ ಮೋಡ. ನಾಗಿಗೆ ಮೈ ಸುಡುವ ಜ್ವರ. ಅತ್ತೆ ಏಳುವ ಮೊದಲು ಹೆಣೆದಾದರೂ ಇರಲಿ ಎಂದು ಎಲ್ಲ ಮನೆಯಲ್ಲೂ ಜಡೆ ಹೆಣೆದು ಇಟ್ಟಿದ್ದರು. ಅಷ್ಟರಲ್ಲಿ ಮಹಾಗಣಪತಿ ಗೊತ್ತುಮಾಡಿದ ಲಾರಿ ಹೆದ್ದಾರಿಯಲ್ಲಿ ಬಂದು ನಿಂತಿತು. ಇವತ್ತು ಹೋದರೆ ಹೊತ್ತಿಗೆ ಸರಿಯಾಗಿ ಹೊಳೆ ದಾಟುತ್ತದೆ, ಇಲ್ಲದಿದ್ದರೆ ಬೇರೆ ಬಾಡಿಗೆಗೆ ಹೋಗುತ್ತೇನೆ ಎಂದ ಡ್ರೈವರ್.

"ಅತ್ತೆಯನ್ನ ಕೇಳಿ ಬಾ ಮಂಜಮ್ಮ" ಎಂದ ಮಹಾಗಣಪತಿ.

ಮಂಜಿ ಒಂದು ಜಡೆ ಹಿಡಿದು ಒಳಗೆ ಹೋದಳು. ನಾಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ಬಿಡದೆ ಕೈ ಚಾಚಿ ಜಡೆಯ ಒಂದು ಕುತ್ತಿಗೆ ತಿಕ್ಕಿದಳು.

"ಹಸಿ ಅದೆ" ಎಂದಳು. ಎಡಗೈಯ ನಾಲ್ಕು ಬೆರಳು ಎತ್ತಿ ತೋರಿಸಿದಳು. "ನಾಕು ದಿನ."

ಮಂಜಿ ಹೊರಗೆ ಬಂದದ್ದು ಅದನ್ನೇ ಹೇಳಲಿಕ್ಕೆ. ಇದನ್ನು ಅವಳು ಆಮೇಲೆ ಸಾವಿರ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ, ಅದು ನಿಜವೂ ಹೌದು. ಅಂಗಳದಲ್ಲಿ ಐದೂ ಮನೆಯವರು ನಿಂತಿದ್ದರು. ಮಹಾಗಣಪತಿ ಕೈಗಡಿಯಾರ ನೋಡುತ್ತಿದ್ದ. ಬುಟ್ಟಿ ತಲೆಗೆ ಏರಿಯೇ ಆಗಿತ್ತು. ದೇವಿ ಕೇಳಿದಳು:

"ಎಂತ ಹೇಳ್ತು ಅತ್ತೆ? ಬೇಗ ಹೇಳೇ."

ಎಲ್ಲರ ಕಣ್ಣೂ ತನ್ನ ಮೇಲೆ. ಬೇಡ ಅಂದರೆ ಬುಟ್ಟಿಗಳು ಕೆಳಗಿಳಿಯುತ್ತವೆ, ಮುಖಗಳು ಬಾಡುತ್ತವೆ, ಮತ್ತೆ ಎಲ್ಲ ಮುದುಕಿಯ ಬೆರಳಿಗೆ ಕಾಯುತ್ತದೆ. ದಾರಿಯ ಗಾಳಿಗೆ ಒಣಗೀತು ಎಂದುಕೊಂಡಳು. ಒಂದು ದಿನದ ದಾರಿ ತಾನೆ ಎಂದುಕೊಂಡಳು.

"ಆತು ಅಂತು" ಎಂದುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೊನ್ನಾವರದಲ್ಲಿ ಶರಾವತಿಗೆ ಇನ್ನೂ ಸೇತುವೆಯಿರಲಿಲ್ಲ. ಲಾರಿ ತಾರಿಗೆ ತಲುಪಿದ ಹೊತ್ತಿಗೆ ದೋಣಿ ಎಳೆಯುವ ಲಾಂಚಿನ ಯಂತ್ರ ಕೆಟ್ಟಿತ್ತು. ಎರಡು ದಿನ ಲಾರಿ ದಡದಲ್ಲೇ ನಿಂತಿತು. ತುಂತುರು ಬಂತೆಂದು ಡ್ರೈವರ್ ಮೇಲೆ ತಾಡಪಾಲು ಬಿಗಿದ. ಅಲ್ಲೇ ಕೆಲಸದಲ್ಲಿದ್ದ ಈರ ತನ್ನ ಕೇರಿಯ ಮಾಲು ಎಂದು ಮೂರು ಸಲ ಬಂದು ಹಗ್ಗ ಗಟ್ಟಿಮಾಡಿ ಹೋದ. ಹತ್ತು ದಿನ ಒಣಗಿದ ಈರುಳ್ಳಿಯಾದರೆ ತಡೆದುಕೊಳ್ಳುತ್ತಿತ್ತು. ಆರು ದಿನದ್ದು ಒಳಗೇ ಬೆವರಿ ಬೆಂದಿತು. ಭಟ್ಕಳದ ಮದುವೆ ಚಪ್ಪರದಲ್ಲಿ ತಾಡಪಾಲು ಬಿಚ್ಚಿದಾಗ ನೆಂಟರು ಮೂಗು ಮುಚ್ಚಿಕೊಂಡು ದೂರ ಸರಿದರಂತೆ.

ಎಂಟನೆಯ ದಿನ ಮೀರಾ ಸಾಹೇಬರು ಬಸ್ಸಿನಲ್ಲಿ ಬಂದರು. ಕೈಯಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಒಂದು ಜಡೆ. ಸಿಟ್ಟು ಮಾಡುವ ಜನವಲ್ಲ ಅವರು. ನಾಗಿ ಜ್ವರ ಬಿಟ್ಟು, ಕಂಬಳಿ ಹೊದ್ದು ಜಗಲಿಯಲ್ಲಿ ಕೂತಿದ್ದಳು. ಮಹಾಗಣಪತಿಯೂ ಕೇರಿಯವರೂ ಅಂಗಳದಲ್ಲಿ ಸೇರಿದ್ದರು.

"ನಾಗಿ ಬಾಯಿ, ನಾನು ಜಡೆ ನೋಡಿ ಮಾಲು ತಗೊಂಡವನಲ್ಲ. ನಿಮ್ಮನ್ನು ನೋಡಿ ತಗೊಂಡವನು" ಎಂದರು ಸಾಹೇಬರು. "ಒಂದೇ ಮಾತು ಕೇಳ್ತೇನೆ. ಇದಕ್ಕೆ ನೀವು ಆತು ಅಂದಿದ್ದು ಹೌದಾ?"

ನಾಗಿ ಜಡೆಯನ್ನು ಮಡಿಲಿಗೆ ತೆಗೆದುಕೊಂಡಳು. ಕಿವಿಯ ಹತ್ತಿರ ಹಿಡಿದು ತಿಕ್ಕಿದಳು. ಕಪ್ಪು ರಸ ಮೊಣಕೈವರೆಗೆ ಇಳಿಯಿತು. ಜಡೆಯ ತುದಿ ತಿರುಗಿಸಿ ಗಂಟು ನೋಡಿದಳು. ಆರು ಮನೆಯ ಗಂಟೂ ಅವಳಿಗೆ ಗೊತ್ತಿತ್ತು. ಅದು ದೇವಿಯ ಮನೆಯದ್ದಲ್ಲ, ಬೇರೆ ಯಾರದ್ದೂ ಅಲ್ಲ. ಮಂಜಿ ಹಾಕಿದ ಗಂಟು.

ಮಂಜಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾಗಿ ಅವಳ ಕಡೆ ನೋಡಲಿಲ್ಲ.

"ಹೌದು ಸಾಯ್ಬರೇ, ನಾನೇ ಅಂದದ್ದು" ಎಂದಳು.

"ಜ್ವರ ಇತ್ತಲ್ಲ, ಪಾಪ" ಎಂದ ಮಹಾಗಣಪತಿ, ಮೆತ್ತಗೆ.

"ಜ್ವರ ಬಂದದ್ದು ಮೈಗೆ. ಬಾಯಿಗಲ್ಲ. ಹೇಳದ್ದು ನಾನೇ."

ಸಾಹೇಬರು ತಲೆ ಅಲ್ಲಾಡಿಸಿ ಹೋದರು. ಸುದ್ದಿ ಅವರಿಗಿಂತ ಮೊದಲು ಪೇಟೆ ಮುಟ್ಟಿತು. ಮುಂದಿನ ಸಂತೆಯಲ್ಲಿ ಎಡಕ್ಕೆ ಹೆಣೆದ ಜಡೆ ಕಂಡವರೆಲ್ಲ ಕೈ ಹಿಂದೆಳೆದರು. ಮೂವತ್ತು ವರ್ಷ ಕಟ್ಟಿದ ಹೆಸರು ಎಂಟು ದಿನದಲ್ಲಿ ಮಣ್ಣಾಯಿತು. ಸಂಘವೂ ಅದರ ಹಿಂದೆಯೇ ಹೋಯಿತು. ಮಹಾಗಣಪತಿಗೆ ಬೇರೆ ತಾಲೂಕಿಗೆ ವರ್ಗವಾಯಿತು.

ನಾಗಿ ಮತ್ತೆ ಜಡೆ ಮುಟ್ಟಲಿಲ್ಲ. ಜಗಲಿಯ ಅಂಚಿಗೆ ಕೂತು ಸಮುದ್ರದ ಕಡೆ ನೋಡುತ್ತಿದ್ದಳು. ಬಯ್ದಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ, ಮಗನೆದುರು ಹೇಳಿ ತವರಿಗೆ ಕಳಿಸಿದ್ದರೆ ಮಂಜಿ ಬದುಕುತ್ತಿದ್ದಳು. ನಾಗಿ ಏನೂ ಕೇಳಲೇ ಇಲ್ಲ. ಕ್ಷಮಿಸಿದಳೋ, ಶಿಕ್ಷಿಸಿದಳೋ, ಮಗನ ಸಂಸಾರ ಒಡೆಯದಿರಲಿ ಎಂದುಕೊಂಡಳೋ. ಅಥವಾ ಎಡಗೈಯವಳ ಮನೆಗೆ ಬಂದ ಸೊಸೆಯ ಕಡೆಗೂ ಕೇರಿ ಬೆರಳು ತೋರಿಸಬಾರದು ಎಂದುಕೊಂಡಳೋ. ಯಾರಿಗೆ ಗೊತ್ತು!

ಆಷಾಢದ ಒಂದು ಮಧ್ಯಾಹ್ನ ಮಂಜಿ ಗಟ್ಟಿ ಮನಸ್ಸು ಮಾಡಿ, ಗಂಜಿ ಬಟ್ಟಲು ಎದುರಿಗಿಟ್ಟು, "ಅತ್ತೇ, ಅವತ್ತು ನಾ..." ಎಂದಳು.

"ಒಲೆ ನೋಡು. ಹಾಲು ಉಕ್ತದೆ" ಎಂದಳು ನಾಗಿ.

ಒಲೆಯ ಮೇಲೆ ಹಾಲಿರಲಿಲ್ಲ. ಮಂಜಿ ಎದ್ದುಹೋಗಿ ಬರಿಯ ಒಲೆಯ ಎದುರು ನಿಂತಳು. ಎರಡು ದಿನ ಬಿಟ್ಟು ನಾಗಿ ಸತ್ತಳು.

ಅಲ್ಲಿಂದ ಐದು ವರ್ಷ ಮಂಜಿಯ ಪಾಡು ಯಾರಿಗೂ ಬೇಡ. ಬಲಕ್ಕೆ ಹೆಣೆಯಲಾಗದೆ ಅವಳು ಜಡೆ ಹೆಣೆಯುವುದನ್ನೇ ಬಿಟ್ಟು, ದಂಟು ಕತ್ತರಿಸಿ ಬಿಡಿ ಗಡ್ಡೆಯನ್ನೇ ಬುಟ್ಟಿಯಲ್ಲಿ ಒಯ್ದು ಸಿಕ್ಕಿದಷ್ಟಕ್ಕೆ ಕೊಟ್ಟು ಬರುತ್ತಿದ್ದಳು. ಮಳೆಗಾಲದಲ್ಲಿ ಎಲ್ಲ ಒದ್ದೆಯಾದ ದಿನಗಳಲ್ಲಿ, ಒಂದು ದಂಟೂ ಇಲ್ಲದ ಬರಿ ಅಟ್ಟದಿಂದ ಚರಚರ ಎಂದು ಸದ್ದು ಬರುತ್ತಿತ್ತು. ಯಾರೋ ಕೂತು ಒಂದೊಂದೇ ಕುತ್ತಿಗೆ ತಿಕ್ಕಿ ನೋಡಿದ ಹಾಗೆ. ಇಲಿ ಎಂದ ಈರ, ಬೋನು ಇಟ್ಟ. ಬೋನಿಗೆ ಏನೂ ಬೀಳಲಿಲ್ಲ. ಅಡುಗೆ ಮಾಡುತ್ತಿದ್ದರೆ ಬೆನ್ನ ಹಿಂದೆ ನಾಲ್ಕು ಬೆರಳು ಎತ್ತಿ ಯಾರೋ ನಿಂತಂತಾಗುತ್ತಿತ್ತು. ಮಂಜಿ ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಇರುವುದಿಲ್ಲ ಎಂದು ಗೊತ್ತಿತ್ತು, ಇರದಿದ್ದರೆ ಇನ್ನೂ ಕಷ್ಟ ಎಂದೂ ಗೊತ್ತಿತ್ತು.

ಅರವತ್ತೇಳರಲ್ಲಿ ಮಹಾಗಣಪತಿ ಹೆಗಡೆ ವಿಸ್ತರಣಾಧಿಕಾರಿಯಾಗಿ ಭಟ್ಕಳಕ್ಕೆ ಬಂದ. ತಲೆ ಸ್ವಲ್ಪ ನರೆತಿತ್ತು, ಮಾತು ಅಷ್ಟೇ ಒಳ್ಳೆಯದಿತ್ತು. ಪಕ್ಕದ ಹೆಬಳೆಯಲ್ಲಿ ತರಕಾರಿ ಬೆಳೆಯುವ ಸಣ್ಣ ರೈತರಿಗೆ ಒಂದು ದಿನದ ಶಿಬಿರ ಇಟ್ಟ. ಹೊಯ್ಗೆಕೇರಿಯವರನ್ನೂ ಬಸ್ಸಿನಲ್ಲಿ ಕರೆಸಿದ. ಈರ, ಮಂಜಿ, ದೇವಿ ಎಲ್ಲ ಹೋದರು. ಶಾಲೆಯ ಅಂಗಳದಲ್ಲಿ ಚಪ್ಪರ, ಮುಂದೆ ಕುರ್ಚಿಯಲ್ಲಿ ಊರಿನ ನಾಲ್ಕು ಜನ ವ್ಯಾಪಾರಿಗಳು. ಅವರ ನಡುವೆ ಮೀರಾ ಸಾಹೇಬರು.

ಮಹಾಗಣಪತಿ ಎದ್ದು ನಿಂತ. ಒಟ್ಟಾಗಿ ಮಾರಿದರೆ ಏನು ಲಾಭ, ಮಾಲಿನ ಗುಣ ಒಂದೇ ಸಮ ಇಡುವುದು ಹೇಗೆ, ಎಲ್ಲ ಹೇಳಿದ. ಆಮೇಲೆ ಒಂದು ಕಥೆ ಹೇಳುತ್ತೇನೆ ಎಂದ.

"ಹೊಯ್ಗೆಕೇರಿಯಲ್ಲಿ ನಾಗಮ್ಮ ಅಂತ ಇದ್ದರು. ಈರುಳ್ಳಿ ಒಣಗಿದ್ದು ಕಿವಿಯಿಂದ ಹೇಳೂವವರು. ಅಂಥವರೂ ಒಂದು ದಿನ ತಪ್ಪಿದರು. ಹಸಿ ಮಾಲಿಗೆ ಆತು ಅಂದರು. ಒಂದು ಲಾರಿ ಕೊಳೆಯಿತು, ಒಂದು ಸಂಘ ಮುರಿಯಿತು. ಆದ್ದರಿಂದ ಪರೀಕ್ಷೆ ಒಬ್ಬರ ಕೈಯಲ್ಲಿ ಬಿಡಬಾರದು. ಈ ಕಥೆ ನಾನು ಐದು ವರ್ಷದಿಂದ ಹೋದ ಊರಲ್ಲೆಲ್ಲ ಹೇಳ್ತಾ ಇದ್ದೆ."

ಹೋದ ಊರಲ್ಲೆಲ್ಲ. ಮಂಜಿ ಅಟ್ಟದ ಮೇಲಿನ ಸದ್ದು ತನ್ನ ಮನೆಯೊಳಗೆ ಮಾತ್ರ ಎಂದುಕೊಂಡಿದ್ದಳು. ಇಲ್ಲಿ ನೋಡಿದರೆ ಕುಮಟೆಯಿಂದ ಭಟ್ಕಳದವರೆಗೆ ಊರೂರಲ್ಲಿ ನಾಗಿಯನ್ನು ಎಬ್ಬಿಸಿ ನಿಲ್ಲಿಸಿ, ತಪ್ಪಿದವಳು ಎಂದು ತೋರಿಸಿ ಕೂರಿಸುತ್ತಿದ್ದಾರೆ. ಮದುವೆಮನೆಯಲ್ಲಿ ಬಡಿಸಲು ಬಿಡದ ಕೈಗೆ ಇನ್ನೊಂದು ಸಲ ಅದೇ ಗತಿ. ಅವಳು ಎದ್ದು ನಿಂತಳು.

"ಅತ್ತೆ ಆತು ಅಂದಿರ್ಲಿಲ್ಲ" ಎಂದಳು. ಇಡೀ ಚಪ್ಪರಕ್ಕೆ ಕೇಳಿತು. "ಹಸಿ ಅದೆ, ನಾಕು ದಿನ ಬೇಕು ಅಂದಿತ್ತು. ನಾಕು ಬೆರಳು ತೋರ್ಸಿತ್ತು. ಹೊರಗೆ ಬಂದು ಸುಳ್ಳು ಹೇಳಿದ್ದು ನಾನು. ಜಡೆ ಕೊಳೆಸಿದ್ದು ನಾನು."

ಮಹಾಗಣಪತಿ ಕನ್ನಡಕ ತೆಗೆದು ಒರೆಸಿದ. ಅವನ ಕಣ್ಣು ತುಂಬಿತ್ತು.

"ಕೂತ್ಕೊ ಮಂಜಮ್ಮ. ನಿನ್ನ ಸಂಕಟ ನಂಗೆ ತಿಳೀತು" ಎಂದ. "ಅವರು ತಾವೇ ಒಪ್ಪಿಕೊಂಡಾಗ ನಾನು ಅಂಗಳದಲ್ಲೇ ಇದ್ದೆ."

"ಅದು ಸುಳ್ಳು! ನನ್ನ ಉಳಿಸೂಕೆ ಹೇಳದ್ದು ಅದು!"

ಮೀರಾ ಸಾಹೇಬರು ಕುರ್ಚಿಯಿಂದ ಎದ್ದರು. ವಯಸ್ಸಾಗಿತ್ತು, ಕೋಲು ಹಿಡಿದಿದ್ದರು.

"ಬೇಟಿ, ನಾಗಿ ಬಾಯಿ ನನ್ನ ಮುಖ ನೋಡಿ ಹೇಳಿದ್ದಾರೆ. ಸುಳ್ಳು ಹೇಳುವ ಹೆಂಗಸಲ್ಲ ಆಕೆ. ಸತ್ತ ಅತ್ತೆಯ ಹೆಸರಿಗೆ ಕಲೆ ಬರಬಾರದು ಅಂತ ತಪ್ಪನ್ನು ತನ್ನ ತಲೆ ಮೇಲೆ ಎಳ್ಕೊಳ್ಳುವ ಸೊಸೆಯನ್ನು ನಾನು ಇವತ್ತು ನೋಡಿದೆ." ಅವರು ಜನರ ಕಡೆ ತಿರುಗಿದರು. "ಇಂಥವಳು ನೋಡಿ ಕಳಿಸಿದ ಮಾಲು ನಾನು ಕಣ್ಣು ಮುಚ್ಚಿ ತಗೊಳ್ತೇನೆ."

ಮಂಜಿ ಕೈ ಜೋಡಿಸಿ ಬೇಡಿದಳು, ಎದೆ ಬಡಿದುಕೊಂಡಳು, ಮತ್ತೆ ನಾಲ್ಕು ಬೆರಳು ಎತ್ತಿ ತೋರಿಸಿದಳು. ಅವಳು ಹೇಳಿದಷ್ಟೂ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿದರು. ಕಡೆಗೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ದೇವಿ ಅವಳನ್ನು ತಬ್ಬಿ ಕೂರಿಸಿ, "ಅತ್ತೆ ಮೇಲೆ ಎಷ್ಟು ಜೀವ ನೋಡಿ ಇದ್ಕೆ" ಎಂದಳು. ವಾಪಸು ಬಸ್ಸಿನಲ್ಲಿ ಈರ ಎಂದೂ ಇಲ್ಲದವನು ಎಲ್ಲರೆದುರು ಹೆಂಡತಿಯ ಕೈ ಹಿಡಿದುಕೊಂಡು ಕೂತ.

"ಅವ್ವಿ ಇದ್ದಿದ್ರೆ ಕುಶಿ ಪಡ್ತಿತ್ತು" ಎಂದ.

ಸಂಘ ಮತ್ತೆ ಹುಟ್ಟಿತು, ಕೇರಿ ಮತ್ತೆ ಎಡಕ್ಕೆ ಹೆಣೆಯಿತು. ಜಡೆ ನೋಡಿ ಆತು ಅನ್ನುವ ಕೆಲಸ ಮಂಜಿಗೇ ಬಂತು. ಹತ್ತು ದಿನ ಎಂದರೆ ಹತ್ತು ದಿನ, ಒಂದು ತಾಸು ಕಡಿಮೆಯಾದರೂ ಅವಳು ಬಿಡುತ್ತಿರಲಿಲ್ಲ. ಯಾರೂ ಗೊಣಗಲಿಲ್ಲ. ಲಾರಿಗಳು ಹೊರಟವು, ಒಂದು ಗಡ್ಡೆಯೂ ವಾಪಸು ಬರಲಿಲ್ಲ. ಘಟ್ಟದ ಈರುಳ್ಳಿಯ ಪಕ್ಕದಲ್ಲೇ ತೂಗುಹಾಕಿದರೂ ಜನ ಎಡಜಡೆಗೇ ಕೈ ಹಾಕುವ ಕಾಲ ತಿರುಗಿ ಬಂತು. ಪ್ರತಿ ಜಡೆಗೂ ಕಟ್ಟಲೆಂದು ಮಹಾಗಣಪತಿ ಹೊನ್ನಾವರದ ಪ್ರೆಸ್ಸಿನಲ್ಲಿ ಚೀಟಿ ಅಚ್ಚುಹಾಕಿಸಿ ತಂದ. ಹಸಿರು ಶಾಯಿಯಲ್ಲಿ "ಮಂಜಿ ಜಡೆ" ಎಂದಿತ್ತು.

ಮಂಜಿ ಚೀಟಿಯ ಕಟ್ಟನ್ನು ಹಿಂದಕ್ಕೆ ಚಾಚಿದಳು. "ನಾಗಿ ಜಡೆ ಅಂತ ಮಾಡ್ಸಿ ಒಡೆಯಾ. ನಿಮ್ಮ ಕಾಲಿಗೆ ಬೀಳ್ತೆ."

ಅವನು ಪಾಪ, ಬಹಳ ಸಂಕೋಚಪಟ್ಟ. "ನಿನ್ನ ಮನಸ್ಸು ದೊಡ್ಡದು ಮಾರಾಯ್ತಿ. ಆದರೆ ಆ ಹೆಸರು ಪೇಟೆಯಲ್ಲಿ ಕೆಟ್ಟದ್ದು. ಅದನ್ನ ಹಾಕಿದರೆ ಮಾಲು ಹೋಗೂದಿಲ್ಲೆ."

ಮುಂದಿನ ಸಂತೆಯಲ್ಲಿ ಹೊಸದಾಗಿ ಮದುವೆಯಾಗಿ ಕುಮಟೆಗೆ ಬಂದ ಹುಡುಗಿಯೊಬ್ಬಳು ಸಾಲಿನುದ್ದಕ್ಕೂ ಹುಡುಕುತ್ತ ಬಂದು ಅವಳೆದುರು ನಿಂತಳು.

"ಮಂಜಿ ಜಡೆ ಅಂದ್ರೆ ಇದೇಯಾ?" ಎಂದಳು. "ನಮ್ಮತ್ತೆ ಅದನ್ನೇ ತಕ್ಕಬಾ ಅಂದ್ರು. ನಾಗಿ ಜಡೆ ಅಂತ ಯಾರಾದ್ರೂ ಕೊಟ್ರೆ ಮುಟ್ಟಬೇಡ ಅಂದ್ರು."

ಮಂಜಿ ಒಂದು ಜಡೆ ಬಿಡಿಸಿ, ಕಿವಿಗೆ ಹಿಡಿದು ತಿಕ್ಕಿ ನೋಡಿ, ಹುಡುಗಿಯ ಕೈಗೆ ಕೊಟ್ಟಳು.

"ಇದೇಯಾ" ಎಂದಳು.